‘ಸಿಗ್ನಲ್’ ಧಾರಾವಾಹಿಯ ಮುಕ್ತಾಯ: ಒಂದು ವಿವೇಚನೆ

ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಷಯದಲ್ಲಿ ಹೇಳುವವನಿಗೂ ಕೇಳುವವನಿಗೂ ಒಮ್ಮತ ಏರ್ಪಡುವುದು ಅಪರೂಪ. ಹೇಳುವವನು ತನ್ನ ಕೆಲಸ ಮುಗಿಯಿತೆಂದು ಎದ್ದುಹೋಗುತ್ತಾನೆ, ಕೇಳುವವನು ‘ಆಮೇಲೆ?’ ಎಂದು ಕುಳಿತೇ ಇರುತ್ತಾನೆ. ದಕ್ಷಿಣ ಕೊರಿಯದ ಟಿವಿಎನ್ ವಾಹಿನಿಯಲ್ಲಿ 2016ರ ಜನವರಿಯಿಂದ ಮಾರ್ಚ್‌ವರೆಗೆ 16 ಕಂತುಗಳಲ್ಲಿ ಪ್ರಸಾರವಾದ ‘ಸಿಗ್ನಲ್’ ಎಂಬ ಧಾರಾವಾಹಿಯು ತನ್ನ ಪ್ರೇಕ್ಷಕರನ್ನು ಹೀಗೆಯೇ ಕುಳ್ಳಿರಿಸಿ ಎದ್ದುಹೋದ ಕೃತಿ. ಅದರ ಕೊನೆಯ ದೃಶ್ಯದ ಅರ್ಥವೇನೆಂಬ ಚರ್ಚೆ ಇಂದಿಗೂ ನಿಂತಿಲ್ಲ. ಈ ಕೃತಿಯನ್ನು ಬರೆದವರು ಕಿಮ್ ಉನ್‌ಹೀ. ನಿರ್ದೇಶಿಸಿದವರು ಕಿಮ್ ವೊನ್‌ಸೊಕ್. ಇಬ್ಬರೂ ತಮ್ಮ ನಾಡಿನಲ್ಲಿ ಗಣ್ಯರಾದ ಕಲಾವಿದರು. ಆದಕಾರಣ ಈ ಸಂದಿಗ್ಧತೆ ಕೈತಪ್ಪಿ ಉಂಟಾದದ್ದೆಂದು ತಳ್ಳಿಹಾಕುವಂತಿಲ್ಲ. ಅದು ಕೃತಿಯ ಒಳಗಿನಿಂದ ಬಂದುದೇ, ಅಥವಾ ಹೊರಗಿನಿಂದ ಅಂಟಿಸಿದುದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಧಾರಾವಾಹಿಯನ್ನು ನೋಡದವರ ಅನುಕೂಲಕ್ಕಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳಬೇಕಾಗಿದೆ. ಪಾರ್ಕ್ ಹೇಯಂಗ್ ಎಂಬ ತರುಣ ಅಪರಾಧಿಗಳ ಮನೋವೃತ್ತಿಯನ್ನು ಅಭ್ಯಾಸಮಾಡಿದ ಪೊಲೀಸ್ ಅಧಿಕಾರಿ. 2015ರ ಒಂದು ರಾತ್ರಿ 11 ಗಂಟೆ 23 ನಿಮಿಷಕ್ಕೆ, ಠಾಣೆಯವರು ವಿಲೇವಾರಿಗೆ ಇಟ್ಟಿದ್ದ ಹಳೆಯ ಸಾಮಾನುಗಳ ನಡುವಿನಿಂದ ಒಂದು ವಾಕಿ-ಟಾಕಿ ಅವನನ್ನು ಕರೆಯುತ್ತದೆ. ಅದರಲ್ಲಿ ಬ್ಯಾಟರಿ ಇಲ್ಲ. ಮಾತಾಡುತ್ತಿರುವವನು ಲೀ ಜೇಹಾನ್ ಎಂಬ ಪತ್ತೇದಾರ. ಅವನು ಮಾತಾಡುತ್ತಿರುವುದು 2000ದ ಆಗಸ್ಟ್ 3ರ ರಾತ್ರಿಯಿಂದ. ಆ ರಾತ್ರಿಯೇ ಜೇಹಾನ್ ಕಾಣೆಯಾದನೆಂದು ಇಲಾಖೆಯ ದಾಖಲೆ ಹೇಳುತ್ತದೆ. ಅವನ ಕೈಕೆಳಗೆ ಕೆಲಸ ಕಲಿತ ಚಾ ಸೂಹ್ಯುನ್ ಎಂಬ ಮಹಿಳಾ ಅಧಿಕಾರಿ ಅಂದಿನಿಂದ 15 ವರ್ಷ ಅವನನ್ನು ಹುಡುಕುತ್ತಿದ್ದಾಳೆ. ಹೇಯಂಗ್, ಸೂಹ್ಯುನ್ ಇಬ್ಬರೂ ಸೇರಿ, ಬಹುಕಾಲದಿಂದ ಬಗೆಹರಿಯದೆ ಉಳಿದ ಪ್ರಕರಣಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಹಳೆಯ ಕಾಲದಿಂದ ಜೇಹಾನ್ ಅವರೊಡನೆ ಮಾತಾಡುತ್ತಾನೆ. ಈಚಿನವರಿಗೆ ತಿಳಿದಿರುವುದನ್ನು ಆಚಿನವನಿಗೆ ಹೇಳಿದರೆ ಆಚೆ ನಡೆದದ್ದು ಬದಲಾಗುತ್ತದೆ. ಆಚೆ ಬದಲಾದರೆ ಈಚಿನ ಕಡತದ ಅಕ್ಷರಗಳು ಕಣ್ಣೆದುರಿಗೇ ಬೇರೆಯಾಗುತ್ತವೆ. ಕಥೆಯ ಯಂತ್ರ ಇಷ್ಟೇ.

ಇನ್ನು ಕೊನೆ. ಜೇಹಾನನು 2000ದಲ್ಲಿ ಸಾಯಬೇಕಾಗಿದ್ದ ಸ್ಥಳದಲ್ಲಿ ಸಾಯದೆ ಬದುಕುತ್ತಾನೆ. ಗುಂಡೇಟಿನಿಂದ ಪ್ರಾಣಬಿಟ್ಟಿದ್ದ ಹೇಯಂಗ್ ತನ್ನ ಮನೆಯಲ್ಲಿ ಕಣ್ಣುಬಿಡುತ್ತಾನೆ. ಆದರೆ ಈ ಹೊಸ ಲೋಕದ ದಾಖಲೆಯಲ್ಲಿಯೂ ಜೇಹಾನ್ ಇಲ್ಲ. 2000ದಲ್ಲಿ ಉಳಿದುಕೊಂಡವನು ಅನಂತರದ ದಿನಗಳಲ್ಲಿ ಇನ್ನೊಮ್ಮೆ ಕಾಣೆಯಾಗಿದ್ದಾನೆ. ಹಿಂದಿನ ಲೋಕದ ನೆನಪನ್ನು ಉಳಿಸಿಕೊಂಡಿರುವ ಹೇಯಂಗ್, ಸೂಹ್ಯುನ್ ಇಬ್ಬರೂ ಒಂದೇ ಕಾರಿನಲ್ಲಿ ದೀರ್ಘರೋಗಿಗಳ ಆಸ್ಪತ್ರೆಯೊಂದರತ್ತ ಹೊರಟಿದ್ದಾರೆ. ಆ ಆಸ್ಪತ್ರೆಯ ಕೋಣೆಯೊಂದರಲ್ಲಿ ಜೇಹಾನ್ ಇದ್ದಾನೆ. ಕಪ್ಪು ಉಡುಪಿನ ಜನರ ಒಂದು ಗುಂಪು ಮೊಗಸಾಲೆಯಲ್ಲಿ ನಡೆದುಬರುತ್ತಿದೆ. ಯಾರು ಮೊದಲು ತಲಪಿದರು? ಬಂದವರು ಯಾರ ಕಡೆಯವರು? ಕೋಣೆಯಲ್ಲಿರುವವನು ಯಾವ ಸ್ಥಿತಿಯಲ್ಲಿದ್ದಾನೆ? ತೆರೆ ಬಿದ್ದುಹೋಗುತ್ತದೆ.

ಈ ಕೊನೆಗೆ ಸಾಮಾನ್ಯವಾಗಿ ಕೊಡುವ ಸಮಾಧಾನಗಳು ಎರಡು. ಹೇಯಂಗ್ ಸತ್ತ ಮೇಲಿನದೆಲ್ಲ ಸಾಯುವವನ ಕನಸು ಎಂಬುದು ಒಂದು. ಕೇಳುವುದಕ್ಕೆ ಇದು ಚಮತ್ಕಾರವಾಗಿದೆ. ಆದರೆ ಕೃತಿಯನ್ನು ಸಾವಧಾನವಾಗಿ ನೋಡಿದವರಿಗೆ ಒಪ್ಪಿಗೆಯಾಗುವುದು ಕಷ್ಟ. ಹೇಯಂಗನ ಬಾಳಿನ ಮೂಲದುಃಖ ಅವನ ಅಣ್ಣನ ಸಾವು. ಇಂಜು ಎಂಬ ಊರಿನ ಶಾಲಾ ಬಾಲಕಿಯೊಬ್ಬಳ ಮೇಲೆ ಗುಂಪು ನಡೆಸಿದ ಅತ್ಯಾಚಾರದ ಅಪವಾದವನ್ನು ಬಲವಂತರ ಮಕ್ಕಳ ಮೇಲಿನಿಂದ ಕಳಚಿ ಆ ನಿರಪರಾಧಿಯ ತಲೆಗೆ ಕಟ್ಟಲಾಯಿತು. ಅನಂತರ ಅವನು ಸತ್ತ. ಅದು ಆತ್ಮಹತ್ಯೆ ಎಂದು ಬರೆಯಲಾಯಿತು, ನಿಜವಾಗಿ ಅದು ಕೊಲೆ. ಹೇಯಂಗನ ಬಯಕೆಯೇ ಕನಸಾಗಿ ಬಂದಿದ್ದರೆ ಆ ಮನೆಯ ಬಾಗಿಲು ತೆರೆದು ಮೊದಲು ಬರಬೇಕಾಗಿದ್ದವನು ಅಣ್ಣ. ಅವನು ಬರುವುದಿಲ್ಲ. ಒಡೆದುಹೋಗಿದ್ದ ತಂದೆತಾಯಿಗಳ ಸಂಸಾರ ಕೂಡಿಕೊಂಡಿದೆ, ಸತ್ತವನ ಮೇಲಿನ ಕಳಂಕ ಹೋಗಿದೆ. ಸತ್ತವನು ಮಾತ್ರ ಸತ್ತೇ ಇದ್ದಾನೆ. ಬಯಕೆಯ ಕನಸು ಇಷ್ಟು ಲೆಕ್ಕಾಚಾರದ್ದಾಗಿರುವುದಿಲ್ಲ.

ಎರಡನೆಯ ಸಮಾಧಾನ ಇನ್ನೂ ಒರಟಾದದ್ದು: ಮುಂದಿನ ಭಾಗವೊಂದಕ್ಕೆ ದಾರಿ ಬಿಡುವುದಕ್ಕಾಗಿ ಕಥೆಯನ್ನು ಅರ್ಧಕ್ಕೆ ಕೊಯ್ದರೆಂಬುದು. ಧಾರಾವಾಹಿಯೆಂಬುದು ವ್ಯಾಪಾರದ ಸರಕೂ ಆಗಿರುವುದರಿಂದ ಈ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾಗದು. ಎರಡನೆಯ ಭಾಗದ ಮಾತು ಅಲ್ಲಿ ಬಹುವರ್ಷ ನಡೆದುಬಂದಿದೆ. ಆದರೂ ಕರ್ತೃವಿನ ಮನಸ್ಸಿನಲ್ಲಿ ಏನಿತ್ತು ಎಂಬುದು ಬೇರೆ, ಕೃತಿಯಲ್ಲಿ ಏನಿದೆ ಎಂಬುದು ಬೇರೆ. ವಿಮರ್ಶಕನಿಗೆ ಸಂಬಂಧಿಸಿದ್ದು ಎರಡನೆಯದು. 16 ಕಂತುಗಳನ್ನು ಒಂದು ಸಮಗ್ರ ಕೃತಿಯೆಂದು ಎಣಿಸಿ, ಅದರ ಕೊನೆ ಅದರ ಮೊದಲಿಗೆ ತಕ್ಕುದಾಗಿದೆಯೇ ಎಂದು ಕೇಳುವ ಹಕ್ಕು ನಮಗುಂಟು.

ಅದಕ್ಕಾಗಿ ಈ ಕೃತಿಯು ತನಗೆ ತಾನೇ ವಿಧಿಸಿಕೊಂಡ ನಿಯಮವನ್ನು ನೋಡಬೇಕು. ಹಳೆಯದನ್ನು ತಿದ್ದಬಹುದು, ಆದರೆ ತಿದ್ದಿದ್ದಕ್ಕೆ ಬೆಲೆ ತೆರಬೇಕು. 1989ರಲ್ಲಿ ಜೇಹಾನ್ ಕಿರಿಯ ಪೇದೆ; ಗ್ಯೊಂಗಿ ಪ್ರಾಂತದ ದಕ್ಷಿಣ ಭಾಗದಲ್ಲಿ ಒಬ್ಬರಾದ ಮೇಲೊಬ್ಬರಂತೆ ಹೆಂಗಸರು ಕೊಲೆಯಾಗುತ್ತಿದ್ದಾರೆ. ಹೇಯಂಗ್ ಹೇಳಿದ ಸುಳಿವಿನಿಂದ ಒಬ್ಬಳ ಜೀವ ಉಳಿಯುತ್ತದೆ. ಕಡತದಲ್ಲಿ ‘ಕೊಲೆ’ ಎಂದಿದ್ದದ್ದು ‘ಕೊಲೆಯ ಯತ್ನ’ ಎಂದಾಗುತ್ತದೆ. ಆದರೆ ಕೊಲೆಗಾರನ ಹೆಜ್ಜೆಯ ಲೆಕ್ಕವೂ ಅದರೊಂದಿಗೆ ಬದಲಾಗುತ್ತದೆ. ಕೊನೆಗೆ ಜೇಹಾನ್ ಪ್ರೀತಿಸಿದ ಹುಡುಗಿಯೇ ಬಲಿಯಾಗುತ್ತಾಳೆ. ಅವಳು ಅವನಿಗಾಗಿ ಸಿನಿಮಾ ಟಿಕೆಟುಗಳನ್ನು ತೆಗೆದಿಟ್ಟಿರುತ್ತಾಳೆ. ಅವನು ಒಬ್ಬನೇ ಹೋಗಿ ಕುಳಿತು, ಸುತ್ತಲಿನವರು ನಗುತ್ತಿರುವಾಗ ಅಳುವ ದೃಶ್ಯ ಈ ಧಾರಾವಾಹಿಯಲ್ಲಿ ಕರುಣರಸದ ಶಿಖರ. ಮಾತು ಒಂದೂ ಇಲ್ಲ. ಪ್ರಸ್ತುತ ಲೇಖಕನ ಮಟ್ಟಿಗೆ ಇಡೀ ಕೃತಿಯಲ್ಲಿ ಇದನ್ನು ಮೀರಿಸಿದ ಭಾಗ ಇನ್ನೊಂದಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಕಠಿಣ. 1995ರ ಕಳ್ಳತನಗಳ ವಿಚಾರದಲ್ಲಿ ಹೇಯಂಗ್ ಕೊಟ್ಟ ಸಲಹೆಯಿಂದ, ಕಳ್ಳತನವನ್ನು ಬಿಟ್ಟಿದ್ದ ಒಬ್ಬ ಬಡವನನ್ನು ತಪ್ಪಾಗಿ ಬಂಧಿಸುತ್ತಾರೆ. ಆ ಹೊತ್ತಿಗೇ ಸೇತುವೆ ಕುಸಿದು, ಅವನ ಮಗಳು ಅವನ ಕಣ್ಣೆದುರಿಗೇ ಸಾಯುತ್ತಾಳೆ. (1994ರ ಅಕ್ಟೋಬರಿನಲ್ಲಿ ಸೋಲ್ ನಗರದ ಸಾಂಗ್ಸು ಸೇತುವೆ ಬಿದ್ದು 32 ಜನ ಮಡಿದ ನಿಜಘಟನೆಯ ನೆರಳು ಇದರ ಮೇಲಿರುವುದು ಸ್ಪಷ್ಟ.) ಸೆರೆಯಿಂದ ಹೊರಬಂದ ತಂದೆ ಸೇಡು ತೀರಿಸಹೊರಟಾಗ ಸೂಹ್ಯುನ್ ಸಾಯುತ್ತಾಳೆ, ಜೇಹಾನ್ 1995ರಲ್ಲಿ ನಿಜವಾದ ಕಳ್ಳನನ್ನು ಹಿಡಿದ ಮೇಲೆ ಮತ್ತೆ ಬದುಕಿಬರುತ್ತಾಳೆ. ಆದರೆ ಸೇತುವೆ ಬಿದ್ದದ್ದು ಬಿದ್ದದ್ದೇ. ಆ ಮಗು ಬದುಕಲಿಲ್ಲ. ಒಬ್ಬರ ಲೆಕ್ಕ ಸರಿಹೋದರೆ ಇನ್ನೊಬ್ಬರದು ಸರಿಹೋಗಲೇಬೇಕೆಂಬ ಭರವಸೆಯನ್ನು ಈ ಕೃತಿ ಎಲ್ಲಿಯೂ ಕೊಡುವುದಿಲ್ಲ.

ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಸೂಹ್ಯುನಳ ಕಥೆಯನ್ನು ನೋಡೋಣ. ಕೊನೆಯ ದೃಶ್ಯದ ಬೀಗದಕೈ ಅವಳ ಬಳಿಯಲ್ಲಿದೆ. ಗುರುತು ಸಿಗದ ಗಂಡಸಿನ ಅಸ್ಥಿಪಂಜರವೊಂದು ಪರೀಕ್ಷಾಲಯಕ್ಕೆ ಬಂದಿತೆಂಬ ಸುದ್ದಿ ಕೇಳಿದಾಗಲೆಲ್ಲ ಅವಳು ಅಲ್ಲಿಗೆ ಓಡುತ್ತಾಳೆ. ಅದು ಜೇಹಾನನದಲ್ಲವೆಂದು ತಿಳಿದಾಗ ಅವಳ ಮುಖದಲ್ಲಿ ಮೂಡುವ ಭಾವ ನೆಮ್ಮದಿಯೋ ನಿರಾಶೆಯೋ ಹೇಳಲು ಬಾರದು. ಕಿಮ್ ಹ್ಯೆಸೂ ಎಂಬ ನಟಿಯ ಹಿರಿಮೆ ಈ ಎರಡನ್ನೂ ಬೇರ್ಪಡಿಸದೆ ಹಿಡಿದಿರುವುದರಲ್ಲಿದೆ. ಇಂತಹ 15 ವರ್ಷಗಳು ಕಳೆದ ಮೇಲೆ ಒಂದು ದಿನ ಆ ಅಸ್ಥಿ ಜೇಹಾನನದೇ ಆಗಿರುತ್ತದೆ. ಉತ್ತರಕ್ರಿಯೆ ನಡೆಯುತ್ತದೆ. ಪ್ರಶ್ನೆಗೆ ನಿಸ್ಸಂದಿಗ್ಧವಾದ ಉತ್ತರ ದೊರೆತಿದೆ. ಆ ಬಳಿಕ ವಾಕಿ-ಟಾಕಿ ಅವಳ ಕೈಗೇ ಸಿಕ್ಕಿದಾಗ, ಆಚೆಯ ತುದಿಯಲ್ಲಿ ಇನ್ನೂ ಬದುಕಿರುವ ಜೇಹಾನನಿಗೆ, 2000ದ ಆಗಸ್ಟ್ 3ರಂದು ಆ ಮಾನಸಿಕ ಆಸ್ಪತ್ರೆಗೆ ಹೋಗಬೇಡವೆಂದು ಅತ್ತು ಬೇಡಿಕೊಳ್ಳುತ್ತಾಳೆ. ಅವನು ಹೋಗುತ್ತಾನೆ. ತನ್ನ ಸಾವಿನ ತಾರೀಖನ್ನು ತಿಳಿದೂ ಹೋಗುತ್ತಾನೆ. ಅಪಹೃತಳಾದ ಒಂದು ಹುಡುಗಿಯ ಪ್ರಕರಣ ಅಲ್ಲಿ ಬಾಕಿ ಉಳಿದಿದೆಯಲ್ಲ.

ಈಗ ಕೊನೆಯ ಲೋಕಕ್ಕೂ ಮೊದಲನೆಯ ಲೋಕಕ್ಕೂ ಇರುವ ಅಂತರವನ್ನು ಗಮನಿಸಿರಿ. ಸೂಹ್ಯುನಳಿಗೆ ಮೊದಲ ಲೋಕ ಕೊಟ್ಟದ್ದು ಖಚಿತವಾದ ಉತ್ತರ, ಒಂದು ಮೂಳೆಯ ರಾಶಿ. ಕೊನೆಯ ಲೋಕ ಆ ಖಚಿತತೆಯನ್ನು ಅವಳಿಂದ ಕಿತ್ತುಕೊಂಡಿದೆ. ಜೇಹಾನ್ ‘ಸತ್ತವನು’ ಎಂಬ ಪಟ್ಟಿಯಿಂದ ‘ಕಾಣೆಯಾದವನು’ ಎಂಬ ಪಟ್ಟಿಗೆ ಮರಳಿದ್ದಾನೆ. ನಾವು ‘ಸಂದಿಗ್ಧ ಮುಕ್ತಾಯ’ ಎಂದು ಯಾವುದನ್ನು ದೂರುತ್ತಿದ್ದೇವೋ ಅದನ್ನೇ ಈ ಮೂವರೂ ಪ್ರಾಣವನ್ನು ಪಣವಾಗಿಟ್ಟು ಸಂಪಾದಿಸಿದ್ದಾರೆ. ಅವನು ಬದುಕಿದ್ದಾನೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯಿರುವುದೇ ಅವರ ಗೆಲುವು. ಸಂದೇಹವೆಂಬುದು ಇಲ್ಲಿ ಮುಚ್ಚಿಟ್ಟ ಫಲವಲ್ಲ, ಕೈಗೆ ಬಂದ ಫಲವೇ ಆಗಿದೆ. ಆಸ್ಪತ್ರೆಯ ಕೋಣೆಯೊಳಗೆ ಅವರಿಬ್ಬರೂ ಕಾಲಿಟ್ಟು ಜೇಹಾನನನ್ನು ಅಪ್ಪಿಕೊಳ್ಳುವುದನ್ನು ತೋರಿಸಿದ್ದರೆ ನಮಗೆ ಸಂತೋಷವಾಗುತ್ತಿತ್ತು. ಆದರೆ ಬೆಲೆ ತೆರದೆ ಯಾವುದೂ ಬಾರದೆಂಬ ನಿಯಮವನ್ನು 15 ಕಂತು ಪಾಲಿಸಿದ ಕೃತಿ 16ನೆಯದರಲ್ಲಿ ಅದನ್ನು ಮುರಿದಂತಾಗುತ್ತಿತ್ತು. ಅವನ ಶವವನ್ನು ತೋರಿಸಿದ್ದರೆ ಮೊದಲನೆಯ ಲೋಕವನ್ನೇ ಪುನಃ ಬರೆದಂತಾಗುತ್ತಿತ್ತು. ಈ ಎರಡರ ನಡುವೆ ಉಳಿದ ದಾರಿ ಒಂದೇ, ರಸ್ತೆಯ ಮೇಲಿನ ಆ ಕಾರು.

ನಮ್ಮ ಪ್ರಾಚೀನ ನಾಟ್ಯಲಕ್ಷಣಕಾರರ ಪರಿಭಾಷೆಯಿಂದ ಇದು ಇನ್ನೂ ವಿಶದವಾಗುತ್ತದೆ. ಕಾರ್ಯಕ್ಕೆ ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ಐದು ಅವಸ್ಥೆಗಳನ್ನು ಅವರು ಹೇಳುತ್ತಾರೆ. ಅವಕ್ಕೆ ಸರಿಯಾಗಿ ಮುಖದಿಂದ ನಿರ್ವಹಣದವರೆಗೆ ಐದು ಸಂಧಿಗಳು. ನಡುವಣ ಗರ್ಭಸಂಧಿಯ ಲಕ್ಷಣವನ್ನು ಧನಂಜಯನು ದಶರೂಪಕದಲ್ಲಿ ಹೇಳುವ ರೀತಿ ಇಲ್ಲಿ ಆಶ್ಚರ್ಯಕರವಾಗಿ ಹೊಂದುತ್ತದೆ: ಕಂಡು ಕಳೆದುಹೋದ ಬೀಜವನ್ನು ಮತ್ತೆ ಮತ್ತೆ ಅರಸುವುದೇ ಗರ್ಭ. ಜೇಹಾನನು ಅಕ್ಷರಶಃ ದೃಷ್ಟನಷ್ಟ. ಅವನನ್ನು ಕಾಣುವುದು, ಕಳೆದುಕೊಳ್ಳುವುದು, ಪುನಃ ಅರಸುವುದು, ಇದೇ ಧಾರಾವಾಹಿಯ ಮೂಲಸೂತ್ರ. ಬಿಡಿಬಿಡಿ ಪ್ರಕರಣಗಳಿಗೆಲ್ಲ ಕರ್ತೃವು ನಿರ್ವಹಣವನ್ನು ಕೊಟ್ಟಿದ್ದಾರೆ. ಅಪರಾಧಿ ಯಾರೆಂದು ತಿಳಿಯದ ಪ್ರಕರಣ ಒಂದೂ ಉಳಿದಿಲ್ಲ. ಆದರೆ ಆಧಿಕಾರಿಕ ಕಥೆ ಮಾತ್ರ ಗರ್ಭದಲ್ಲಿಯೇ, ಪ್ರಾಪ್ತ್ಯಾಶೆಯಲ್ಲಿಯೇ ನಿಂತುಬಿಡುತ್ತದೆ. ಲಕ್ಷಣಗ್ರಂಥದ ದೃಷ್ಟಿಯಿಂದ ಇದು ದೋಷ. ಇಂದಿನ ಕೃತಿಯನ್ನು ಆ ಅಳತೆಗೋಲಿನಿಂದ ಅಳೆದು ಶಿಕ್ಷಿಸುವುದು ನನ್ನ ಅಭಿಪ್ರಾಯವಲ್ಲ. ಅದು ಎಲ್ಲಿ ನಿಂತಿದೆ ಎಂಬುದನ್ನು ಗುರುತಿಸುವುದಕ್ಕೆ ಆ ಪರಿಭಾಷೆ ಎಷ್ಟು ಉಪಕಾರಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕೆಂದು ಮಾತ್ರ ಆಶೆ.

ಆದರೆ ಇಷ್ಟರಿಂದ ವಿಷಯ ಮುಗಿಯುವುದಿಲ್ಲ. ‘ಸಿಗ್ನಲ್’ ಕೇವಲ ಕಲ್ಪನೆಯ ಮೇಲೆ ನಿಂತ ಕೃತಿಯಲ್ಲ. ಅದರ ತಳದಲ್ಲಿ ಕೊರಿಯದ ನ್ಯಾಯಪದ್ಧತಿಯ ಒಂದು ದೊಡ್ಡ ಗಾಯವಿದೆ. ನಮ್ಮ ದೇಶದ ಕಾನೂನಿನಲ್ಲಿ ಕೊಲೆಯ ಆಪಾದನೆಗೆ ಕಾಲಮಿತಿಯಿಲ್ಲವಾದ್ದರಿಂದ ಕನ್ನಡದ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳುವುದು ಅವಶ್ಯ. ಕೊರಿಯದಲ್ಲಿ ಕೊಲೆ ನಡೆದು 15 ವರ್ಷ ಕಳೆದರೆ ಕೊಲೆಗಾರನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. 2007ರಲ್ಲಿ ಈ ಅವಧಿಯನ್ನು 25 ವರ್ಷಕ್ಕೆ ಏರಿಸಿದರು. 1999ರಲ್ಲಿ ದೇಗು ನಗರದಲ್ಲಿ ಆ್ಯಸಿಡ್ ದಾಳಿಗೆ ತುತ್ತಾಗಿ ತೀರಿಕೊಂಡ ಒಬ್ಬ ಬಾಲಕನ ಹೆಸರಿನಿಂದ ಜನಜನಿತವಾದ ತಿದ್ದುಪಡಿಯು 2015ರ ಜುಲೈಯಲ್ಲಿ ಅಂಗೀಕೃತವಾಗಿ, ಕೊಲೆಗೆ ಕಾಲಮಿತಿಯೇ ಇಲ್ಲವಾಯಿತು. ಆದರೆ ಅಷ್ಟರೊಳಗೆ ಅವಧಿ ತೀರಿಹೋಗಿದ್ದ ಪ್ರಕರಣಗಳಿಗೆ ಆ ಕಾನೂನು ಅನ್ವಯಿಸಲಿಲ್ಲ. ಆ ಬಾಲಕನ ಪ್ರಕರಣವೂ ಅವುಗಳಲ್ಲಿ ಒಂದು. ಧಾರಾವಾಹಿಯ ಮೊದಲ ಎರಡು ಕಂತುಗಳು ಈ ಗಡುವಿನ ಕೊನೆಯ ಗಂಟೆಗಳನ್ನೇ ಕಥೆಯಾಗಿ ಮಾಡಿಕೊಂಡಿವೆ. ಮಗುವನ್ನು ಅಪಹರಿಸಿ ಕೊಂದ ದಾದಿ ಪೊಲೀಸರ ಎದುರಿಗೇ ಕುಳಿತಿದ್ದಾಳೆ. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಆ ಕೊಲೆಗೆ ಅವಳು ಇನ್ನು ಹೊಣೆಯಲ್ಲ. ತನ್ನ ಸಹಚರನನ್ನು ಕೊಂದ ಇನ್ನೊಂದು ಕೊಲೆಗೆ ಇನ್ನೂ ಸ್ವಲ್ಪ ಹೊತ್ತು ಉಳಿದಿರುವುದರಿಂದ ಅವಳು ಸಿಕ್ಕಿಬೀಳುತ್ತಾಳೆ, ನಿಜ. ಮಗುವಿನ ತಾಯಿಗೆ ಮಾತ್ರ ಅದರಿಂದ ತನ್ನ ಮಗುವಿನ ನ್ಯಾಯ ದೊರೆಯಲಿಲ್ಲ. ಕಾಲವೇ ಕೊಲೆಗಾರನ ಪಕ್ಷವನ್ನು ವಹಿಸಿದ ನಾಡಿನಲ್ಲಿ ಕಾಲವನ್ನು ದಾಟುವ ವಾಕಿ-ಟಾಕಿಯೊಂದನ್ನು ಕಲ್ಪಿಸಿದ್ದು ಹುಡುಗಾಟಿಕೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಗ್ಯೊಂಗಿ ಪ್ರಾಂತದ ಕೊಲೆಗಳ ಕಥೆಗೆ ಮೂಲ ಹ್ವಾಸಂಗ್ ಪ್ರದೇಶದಲ್ಲಿ 1986ರಿಂದ 1991ರವರೆಗೆ ನಡೆದ ಹತ್ತು ಹೆಂಗಸರ ಕೊಲೆಗಳು. ಅವುಗಳಲ್ಲಿ ಕೊನೆಯದರ ಅವಧಿಯೂ 2006ಕ್ಕೆ ತೀರಿಹೋಯಿತು. ಬಾಂಗ್ ಜೂನ್ ಹೋ 2003ರಲ್ಲಿ ನಿರ್ದೇಶಿಸಿದ ‘ಮೆಮೊರೀಸ್ ಆಫ್ ಮರ್ಡರ್’ ಚಿತ್ರದ ವಸ್ತುವೂ ಇದೇ, ಅದರ ಕೊನೆಯೂ ಸಂದಿಗ್ಧವೇ. ವರ್ಷಗಳ ಮೇಲೆ ಆ ಸ್ಥಳಕ್ಕೆ ಬಂದ ಹಳೆಯ ಪತ್ತೇದಾರ ತಿರುಗಿ ನೇರವಾಗಿ ಕ್ಯಾಮರಾವನ್ನು, ಎಂದರೆ ನಮ್ಮನ್ನು, ನೋಡುತ್ತಾನೆ. ಕೊಲೆಗಾರ ಎಂದಾದರೂ ಈ ಚಿತ್ರವನ್ನು ನೋಡಲು ಬಂದರೆ ಆ ದೃಷ್ಟಿ ಅವನನ್ನು ಎದುರಿಸಲಿ ಎಂಬುದು ನಿರ್ದೇಶಕರ ಉದ್ದೇಶವಾಗಿತ್ತು. ಎರಡು ಕೃತಿಗಳ ಕೊನೆಗಳನ್ನು ಹೋಲಿಸಿದರೆ ಒಂದು ಮುಖ್ಯವಾದ ಭೇದ ಕಾಣುತ್ತದೆ. ಬಾಂಗ್ ಅವರ ಸಂದೇಹ ಕೊಂದವನನ್ನು ಕುರಿತದ್ದು. ಕಿಮ್ ಉನ್‌ಹೀ ಅವರದು ಕಳೆದುಹೋದವನನ್ನು ಕುರಿತದ್ದು. ‘ಯಾರು ಕೊಂದರು?’ ಎಂಬ ಪ್ರಶ್ನೆಯನ್ನು ‘ಸಿಗ್ನಲ್’ ತೆರೆದಿಡಲು ಎಲ್ಲಿಯೂ ಒಪ್ಪುವುದಿಲ್ಲ. ಆ ಕಾಲದಲ್ಲಿ ನಿಜಜೀವನದಲ್ಲಿ ಉತ್ತರವಿಲ್ಲದ ಪ್ರಕರಣಕ್ಕೂ ಅದು ಕಥೆಯೊಳಗೆ ಒಬ್ಬ ಅಪರಾಧಿಯನ್ನು ಹಿಡಿದು ನಿಲ್ಲಿಸುತ್ತದೆ. ತೆರೆದಿಟ್ಟಿರುವುದು ‘ಅವನು ಎಲ್ಲಿದ್ದಾನೆ?’ ಎಂಬ ಪ್ರಶ್ನೆಯೊಂದನ್ನೇ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆ ಬರಬಹುದು, ಬರಬೇಕು. ಸಂದೇಹವನ್ನೇ ಫಲವೆಂದು ಹೊಗಳುವುದು ದುಃಖಿತರಿಗೆ ಮಾಡುವ ಅಪಚಾರವಲ್ಲವೇ? ಹ್ವಾಸಂಗ್ ಪ್ರಕರಣಕ್ಕೆ 2019ರ ಸೆಪ್ಟೆಂಬರಿನಲ್ಲಿ ನಿಜವಾದ ಉತ್ತರ ದೊರೆಯಿತು. ಉಳಿಸಿಟ್ಟಿದ್ದ ಸಾಕ್ಷ್ಯವಸ್ತುಗಳ ಡಿ.ಎನ್.ಎ. ಪರೀಕ್ಷೆಯಿಂದ, 1994ರಲ್ಲಿ ಹೆಂಡತಿಯ ತಂಗಿಯನ್ನು ಕೊಂದು ಅದಾಗಲೇ ಜೀವಾವಧಿ ಸೆರೆಯಲ್ಲಿದ್ದ ಲೀ ಚುನ್‌ಜೇ ಎಂಬಾತ ಸಿಕ್ಕಿಬಿದ್ದು 14 ಕೊಲೆಗಳನ್ನು ಒಪ್ಪಿಕೊಂಡನು. ಅವಧಿ ತೀರಿದ್ದರಿಂದ ಆ ಕೊಲೆಗಳಿಗಾಗಿ ಅವನನ್ನು ಶಿಕ್ಷಿಸುವಂತಿರಲಿಲ್ಲ. ಆದರೂ ಆ ಉತ್ತರ ವ್ಯರ್ಥವಾಗಲಿಲ್ಲ. ಅದೇ ಸರಣಿಯ ಎಂಟನೆಯ ಕೊಲೆಯನ್ನು ಮಾಡಿದನೆಂದು 20 ವರ್ಷ ಸೆರೆಮನೆಯಲ್ಲಿದ್ದ ಒಬ್ಬ ನಿರಪರಾಧಿ 2020ರ ಡಿಸೆಂಬರಿನಲ್ಲಿ ಪುನರ್ವಿಚಾರಣೆಯ ಮೂಲಕ ದೋಷಮುಕ್ತನಾದನು. ಅಂತಹ ಮನುಷ್ಯನ ಎದುರಿಗೆ ನಿಂತು ಸಂದೇಹದ ಸೊಗಸನ್ನು ವರ್ಣಿಸುವ ಧೈರ್ಯ ಯಾವ ವಿಮರ್ಶಕನಿಗೂ ಇರಬಾರದು. ಆ ಪುನರ್ವಿಚಾರಣೆಗೆ ಸಾಕ್ಷಿಯಾಗಿ ಬಂದ ಕೊಲೆಗಾರ, ಬಾಂಗ್ ಅವರ ಚಿತ್ರವನ್ನು ಸೆರೆಮನೆಯಲ್ಲಿ ನೋಡಿದ್ದೆನೆಂದೂ ತನಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲವೆಂದೂ ಹೇಳಿದನು. ಕಲೆಯ ಶಕ್ತಿಗೆ ಎಲ್ಲೆ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಹುಡುಕಬೇಕಾಗಿಲ್ಲ.

ಆಕ್ಷೇಪಣೆ ಸರಿಯಾದದ್ದೇ. ಆದರೆ ಅದು ತಾಗುವುದು ಎಲ್ಲವನ್ನೂ ಮಸುಕಾಗಿಡುವ ಕೃತಿಗೆ. ‘ಸಿಗ್ನಲ್’ ಹಾಗೆ ಮಾಡಿಲ್ಲ. ಸತ್ತವರ ವಿಷಯದಲ್ಲಿ ಅದು ಸತ್ಯವನ್ನು ಕಟ್ಟುನಿಟ್ಟಾಗಿ ವಸೂಲುಮಾಡುತ್ತದೆ. ಹೇಯಂಗನ ಅಣ್ಣ ಹೇಗೆ ಸತ್ತ, ಯಾರು ಕೊಂದರು, ಯಾರ ಅಪ್ಪಣೆಯಿಂದ ಮುಚ್ಚಿಟ್ಟರು ಎಂಬುದರಲ್ಲಿ ಎಳ್ಳಷ್ಟೂ ಸಂದೇಹ ಉಳಿದಿಲ್ಲ. ಅವನನ್ನು ಬದುಕಿಸಲಾಗದಿದ್ದರೂ ಅವನ ಹೆಸರನ್ನು ತೊಳೆದುಕೊಟ್ಟಿದೆ. ಸಂದೇಹದ ರಿಯಾಯತಿ ದೊರೆತದ್ದು ಇನ್ನೂ ಬದುಕಿರಬಹುದಾದ ಒಬ್ಬನಿಗೆ ಮಾತ್ರ. ಅವನಿಗಾಗಿ ಕಾಯುವವರಿಗೆ ಇನ್ನೂ ಕೆಲಸವಿದೆ, ಕಾಯುವುದು ಇಲ್ಲಿ ಕಾರಿನಲ್ಲಿ ಕುಳಿತು ಹೊರಡುವುದಾಗಿದೆ. ಈ ವಿವೇಚನೆಯನ್ನು ಕೃತಿ ಎಷ್ಟು ಎಚ್ಚರದಿಂದ ಪಾಲಿಸಿದೆ ಎಂಬುದನ್ನು ಕೊನೆಯನ್ನು ನಿಂದಿಸುವವರೂ ಹೊಗಳುವವರೂ ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ಕೊನೆಯ ಕಂತು ನಿರ್ದೋಷವಾದುದೆಂದು ಇದರಿಂದ ತಿಳಿಯಬಾರದು. ಅಲ್ಲಿ ಅವಸರ ಬಹಳ. ಹಿಂದಿನ ಕಂತುಗಳಲ್ಲಿ ಒಂದೊಂದು ಬದಲಾವಣೆಗೂ ಅದರ ಪರಿಣಾಮಕ್ಕೂ ಇದ್ದ ವಿರಾಮ ಇಲ್ಲಿಲ್ಲ. ಹೊಸ ಲೋಕದ ವಿವರಗಳನ್ನು ಪತ್ರ, ದಾಖಲೆ, ನೆನಪುಗಳ ಮೂಲಕ ಒಂದರ ಮೇಲೊಂದರಂತೆ ಸುರಿಯಲಾಗಿದೆ. ಭ್ರಷ್ಟ ಪೊಲೀಸ್ ಅಧಿಕಾರಿ ಕಿಮ್ ಬೊಂಜುವಿನ ಪಾತ್ರಕ್ಕಿರುವ ಮೈ, ಅವನ ಬೆನ್ನಿಗಿರುವ ರಾಜಕಾರಣಿಗೆ ಇಲ್ಲ. ಎಲ್ಲ ಕೇಡಿಗೂ ಮೂಲ ಒಬ್ಬ ರಾಜಕಾರಣಿಯೆಂದು ತೋರಿಸಿದಾಗ, ಸೇತುವೆ ಕುಸಿದ ಪ್ರಸಂಗದಲ್ಲಿ ಕೃತಿಯೇ ತೋರಿಸಿದ್ದ ಸಂಕೀರ್ಣವಾದ ಹೊಣೆಗಾರಿಕೆ ಹಗುರವಾಗುತ್ತದೆ. ಆ ಕಪ್ಪು ಉಡುಪಿನವರಂತೂ ಸಾಧಾರಣ ಪತ್ತೇದಾರಿ ಚಿತ್ರಗಳಿಂದ ಬಾಡಿಗೆಗೆ ತಂದವರಂತಿದ್ದಾರೆ. ಅವರಿಲ್ಲದಿದ್ದರೆ ಸಂದೇಹ ಇನ್ನೂ ಶುದ್ಧವಾಗಿರುತ್ತಿತ್ತು; ಅವರು ಬಂದುದರಿಂದ ‘ಅವನಿದ್ದಾನೆಯೇ?’ ಎಂಬ ದೊಡ್ಡ ಪ್ರಶ್ನೆಯ ಪಕ್ಕದಲ್ಲಿ ‘ಓಟದಲ್ಲಿ ಯಾರು ಗೆದ್ದರು?’ ಎಂಬ ಚಿಕ್ಕ ಪ್ರಶ್ನೆ ಕುಳಿತುಬಿಟ್ಟಿದೆ. ಮುಂದಿನ ಭಾಗದ ಗಾಳ ಎಂದು ಟೀಕಿಸುವವರ ಕೈಗೆ ಸಿಕ್ಕುವ ಹಿಡಿ ಇದೊಂದೇ.

ವಾಕಿ-ಟಾಕಿ ಹೇಗೆ ಕೆಲಸಮಾಡುತ್ತದೆಂದು ಕೊನೆಯವರೆಗೂ ಹೇಳಲಿಲ್ಲವೆಂಬ ಇನ್ನೊಂದು ದೂರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಪವಿಮೋಚನೆಯ ಉಂಗುರ ಯಾವ ಲೋಹದ್ದೆಂದು ಕೇಳಿದವರು ನಮ್ಮಲ್ಲಿ ಯಾರು? 2024ರಲ್ಲಿ ಇದೇ ಕಥೆ ‘ಗ್ಯಾರಹ್ ಗ್ಯಾರಹ್’ ಎಂಬ ಹೆಸರಿನಿಂದ ಉತ್ತರಾಖಂಡದ ಹಿನ್ನೆಲೆಗೆ ಹೊಂದಿಕೊಂಡು ಹಿಂದಿಯಲ್ಲಿ ಬಂತು. ಅಲ್ಲಿ ಕರೆ ಬರುವ ಹೊತ್ತು 11 ಗಂಟೆ 11 ನಿಮಿಷ. ಅಂಕಿಗಳ ಸಾಮ್ಯದಿಂದ ಮಂತ್ರದ ಗಂಧವೊಂದು ಬಂದಿದೆ. ಮೂಲದ 11 ಗಂಟೆ 23 ನಿಮಿಷಕ್ಕೆ ಅಂತಹ ಯಾವ ಸೊಗಸೂ ಇಲ್ಲ. ಠಾಣೆಯ ದಿನಚರಿಯಲ್ಲಿ ಬರೆದಿಟ್ಟ ವೇಳೆಯಂತೆ ಅದು ಒಣಗಿದೆ. ಹೊತ್ತಿನ ಆ ಒಣಗುತನವೇ ನನಗೆ ಮೆಚ್ಚು.

ಈ ಧಾರಾವಾಹಿಯನ್ನು ಎರಡನೆಯ ಸಲ ನೋಡುವವರು ಮೊದಲ ಕಂತುಗಳ ಕರೆಯನ್ನು ಮತ್ತೊಮ್ಮೆ ಕಿವಿಗೊಟ್ಟು ಕೇಳಬೇಕು. ಹೇಯಂಗನಿಗೆ ಅದು ಮೊದಲನೆಯ ಸಂಭಾಷಣೆ. ಜೇಹಾನನಿಗೆ ಅದು ಹಳೆಯ ಗೆಳೆಯನೊಡನೆ ಆಡುವ ಕಡೆಯ ಮಾತು. ಹೇಯಂಗನ ಬಾಲ್ಯವನ್ನು ಅವನು ಬಲ್ಲ. ಒಂಟಿಯಾಗಿ ಊಟಕ್ಕೆ ಬರುತ್ತಿದ್ದ ಆ ಹುಡುಗನಿಗೆ ಅನ್ನ ಹಾಕುವಂತೆ ಉಪಾಹಾರಗೃಹದ ಹೆಂಗಸಿನ ಕೈಯಲ್ಲಿ ಗುಟ್ಟಾಗಿ ಹಣ ಕೊಟ್ಟಿದ್ದವನೂ ಅವನೇ. ಮುಂದೆ ವಾಕಿ-ಟಾಕಿ ಮತ್ತೆ ಮಾತಾಡುತ್ತದೆ, ಆಗ 1989ರ ಲೀ ಜೇಹಾನನನ್ನು ನೀನು ಒಪ್ಪಿಸಬೇಕು ಎಂಬ ಅರ್ಥದ ಮಾತನ್ನು ಹೇಳಿ ಮುಗಿಸುವಷ್ಟರಲ್ಲಿ ಗುಂಡಿನ ಸದ್ದು ಕೇಳುತ್ತದೆ. ಮೊದಲ ಸಲ ನೋಡುವಾಗ ಆ ಸದ್ದು ಏನೆಂದು ತಿಳಿಯುವುದಿಲ್ಲ. ಕೆಲವು ಕಂತುಗಳ ಮೇಲೆ ಅದು ಅವನ ಸಾವೆಂದು ತಿಳಿಯುತ್ತದೆ. ಕೊನೆಯ ಕಂತನ್ನು ನೋಡಿ ಬಂದವರಿಗೆ ಅದೇ ಸದ್ದು ಸಾವೆಂದು ಹೇಳಲು ಬಾಯಿ ಬರುವುದಿಲ್ಲ.